ಭಾವ ಹಂಸದ ದೋಣಿ ಓಡಿಸಿದ ದಿನ

ನಮ್ಮ ಭಾವನಿಗೆ ಊಟ ಮುಗಿದರೂ ತಟ್ಟೆಯ ಮುಂದಿನಿಂದ ಏಳಲು ಬರುವುದಿಲ್ಲ. ಅಡುಗೆಮನೆಯಿಂದ ಅಕ್ಕ "ರೈಟ್" ಎನ್ನಬೇಕು, ಆಗ ಏಳುತ್ತಾರೆ. ಮದುವೆಯಾದ ಹೊಸದರಲ್ಲಿ ತಮಾಷೆಗೆ ಶುರುವಾದದ್ದು, ಬರಬರುತ್ತಾ ಚಟವಾಯಿತು. ನಾನು ಬಟ್ಟೆ ಹೊಲಿಯುವವಳು, ತಾಳ್ಮೆಯನ್ನೆಲ್ಲ ಮಷಿನ್ನಿಗೆ ಕೊಟ್ಟು ಕೂತವಳು. "ಏನ್ ಭಾವ ಇದು, ಎದ್ದು ಕೈ ತೊಳೆಯೋಕೂ ಕಂಡಕ್ಟರ್ ಬೇಕಾ?" ಎಂದು ರೇಗಿಸುತ್ತಿದ್ದೆ.

"ಕಂಡಕ್ಟರ್ ಹೇಳದೆ ಗಾಡಿ ತೆಗೆಯೋನು ಡ್ರೈವರ್ ಅಲ್ಲಮ್ಮ, ಕಳ್ಳ," ಎನ್ನುತ್ತಿದ್ದರು.

ಭಾವ ಬಸ್ ಡ್ರೈವರ್. ಗುಡ್ಡ ಹತ್ತಿ ಇಳಿದು ಆಚೆ ಊರಿಗೆ ಹೋಗಿ ಬರುವ ಒಂದೇ ರೂಟು, ಒಬ್ಬನೇ ಕಂಡಕ್ಟರು. ಆ ಕಂಡಕ್ಟರಿಗೆ ಅಕ್ಕನ ಮಗಳು ಪುಟ್ಟಿ ಇಟ್ಟ ಹೆಸರು ಶಿಳ್ಳೆ ಮಾಮ. ಅವರು ಎರಡು ಶಿಳ್ಳೆ ಹೊಡೆದರೆ ಬಸ್ಸು ಹೊರಡಬೇಕು, ಒಂದು ಹೊಡೆದರೆ ನಿಲ್ಲಬೇಕು. ಹಿಂದೆ ನಿಂತು ತಗಡು ಬಡಿಯುತ್ತಾ "ಬರ್ಲಿ, ಬರ್ಲಿ, ಬರ್ಲಿ" ಎಂದರೆ ಸಾಕು, ಭಾವ ಕನ್ನಡಿಯನ್ನೂ ನೋಡದೆ ಪ್ರಪಾತದ ಅಂಚಿನವರೆಗೆ ಹಿಂದಕ್ಕೆ ಬಿಡುತ್ತಿದ್ದರು. "ಕಟ್ಕೊಂಡ ಹೆಂಡ್ತಿ ಮೇಲೂ ಇಷ್ಟು ನಂಬಿಕೆ ಇಲ್ಲ," ಎಂದು ಅಕ್ಕ ಮುನಿಸಿಕೊಂಡದ್ದುಂಟು. ಅಕ್ಕನಿಗೆ ಆ ಬಸ್ಸು ಹತ್ತುವುದೂ ಬೇಡವಾಗಿತ್ತು. "ನೀನು ಹತ್ತಿದ್ರೆ ಕನ್ನಡೀಲಿ ನಿನ್ನನ್ನೇ ನೋಡ್ತೀನಿ, ರಸ್ತೆ ನೋಡೋರ್ಯಾರು?" ಎಂದು ಭಾವ ಎಂದೋ ಅಂದಿದ್ದರಂತೆ. ಅದನ್ನು ನೆನೆದು ಈಗಲೂ ನಾಚುವ ಹೆಂಗಸು ಅವಳು.

ಶಿಳ್ಳೆ ಮಾಮನ ಹೆಂಡತಿ ನರ್ಸು. ಅವರಿಗೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಗಂಡನೂ ಗಂಟುಮೂಟೆ ಕಟ್ಟಿದರು. ಅಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ನಡೆಸುವ ಕೆಲಸ ಹಿಡಿದರು. ಇತ್ತ ಭಾವನ ಬಸ್ಸಿಗೆ ಹೊಸ ಕಂಡಕ್ಟರ್ ಬಂದ, ಇನ್ನೂ ಮೀಸೆ ಸರಿಯಾಗಿ ಮೂಡದವನು. ಒಂದು ಬೆಳಿಗ್ಗೆ ಅವನು ಎರಡು ಶಿಳ್ಳೆ ಹೊಡೆದ, ಭಾವ ಗಾಡಿ ತೆಗೆದರು. ಮೆಟ್ಟಿಲ ಮೇಲೆ ಒಂದೇ ಕಾಲಿಟ್ಟಿದ್ದ ಮುದುಕರೊಬ್ಬರು ಬಿದ್ದು ಕೈ ಮುರಿದುಕೊಂಡರು.

ವಿಚಾರಣೆಯಲ್ಲಿ ಡ್ರೈವರದ್ದು ತಪ್ಪಿಲ್ಲವೆಂದಾಯಿತು. ಆ ಮುದುಕರೇ ಕಟ್ಟು ಹಾಕಿದ ಕೈಯಲ್ಲಿ ಮನೆಗೆ ಬಂದು, "ಆತುರ ನಂದೇ ಕಣಪ್ಪ," ಎಂದು ಹೋದರು. ಭಾವನಿಗೆ ಅದೇನೂ ಕಿವಿಗೆ ಬೀಳಲಿಲ್ಲ. ಸ್ಟೀರಿಂಗ್ ಮೇಲೆ ಕೈಯಿಟ್ಟರೆ ಕೈ ನಡುಗುತ್ತಿತ್ತು. ರಜೆ ಹಾಕಿದರು. ಹಾಕುತ್ತಲೇ ಹೋದರು. "ಶಿಳ್ಳೇನೇ ನಂಬೋ ಹಾಗಿಲ್ಲ ಅಂದ್ಮೇಲೆ ಯಾವ ಧೈರ್ಯದ ಮೇಲೆ ಗಾಡಿ ತೆಗೀಲಿ?" ಎನ್ನುತ್ತಿದ್ದರು. ಕೊನೆಗೆ ಡಿಪೋದ ಸಾಹೇಬರು, ಬರುವ ಸೋಮವಾರ ಬಸ್ಸು ಹತ್ತಿ, ಇಲ್ಲದಿದ್ದರೆ ಡಿಪೋದ ಸಾಮಾನಿನ ಸ್ಟೋರಿಗೆ ಬನ್ನಿ, ಸ್ಟೋರಿಗೆ ಬಂದಮೇಲೆ ಮತ್ತೆ ಬಸ್ಸಿಲ್ಲ ಎಂದು ಹೇಳಿ ಕಳಿಸಿದರು.

"ಟೈರ್ ಜೋಡಿಸ್ಕೊಂಡು ಇದ್ದುಬಿಡ್ತೀನಿ," ಎಂದರು ಭಾವ. ಸಂಬಳ ಅಷ್ಟೇ ಬರುತ್ತಿತ್ತು, ಅಕ್ಕನ ಚಿಂತೆ ಅದಲ್ಲ. ಊಟವಾದ ಮೇಲೆ ಅವಳು "ರೈಟ್" ಎನ್ನುವ ಮೊದಲೇ ಅವರು ಸುಮ್ಮನೆ ಎದ್ದು ಹೋಗತೊಡಗಿದ್ದರು. ಒಂದು ದಿನ ಅವಳು ಖಾಲಿ ತಟ್ಟೆಯ ಮುಂದೆ ಕೂತು ಅತ್ತದ್ದನ್ನು ನಾನೇ ಕಂಡೆ. ಮಾರನೇ ದಿನ ಶಿಳ್ಳೆ ಮಾಮನಿಗೆ ಫೋನ್ ಮಾಡಿದಳು. "ನಾವು ಬರ್ತೀವಿ, ಊರು ತೋರ್ಸಿ. ಬಸ್ಸಿನ ಸುದ್ದಿ ಮಾತ್ರ ಎತ್ತಬೇಡಿ."

ಬಸ್ಸಿನ ಸುದ್ದಿ ಎತ್ತಬಾರದಂತೆ! ಆ ಊರಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಬಸ್ಸಿಗೇ ತಾಗಬೇಕು.

ಅವರದ್ದು ಮೂರನೇ ಮಹಡಿಯ ಒಂದೂವರೆ ಕೋಣೆಯ ಮನೆ. ಮಂಚವನ್ನು ಗೋಡೆಗೆ ಮಡಚಿದರೆ ಮಾತ್ರ ಬಾಗಿಲು ಪೂರ್ತಿ ತೆರೆಯುತ್ತದೆ. ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದವರು, ಮುಖಕ್ಕೆ ನೀರು ಚಿಮುಕಿಸಿಕೊಂಡು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಕಟ್ಟಿಕೊಂಡು ನಮ್ಮ ಜೊತೆ ಹೊರಟೇಬಿಟ್ಟರು. ಶಿಳ್ಳೆ ಮಾಮ ಇಸ್ತ್ರಿ ಅಂಗಿ ತೊಟ್ಟಿದ್ದರು. "ಆಗ ಅಡ್ಡಡ್ಡ ಓಡಾಡ್ತಿದ್ದೆ, ಈಗ ಮೇಲೆ ಕೆಳಗೆ. ಮಹಡಿ ಬಂದ್ರೆ ಈಗ್ಲೂ ಸ್ಟಾಪ್ ಕೂಗ್ತೀನಿ," ಎಂದವರು, ಅಕ್ಕನ ಕಣ್ಣು ಕಂಡು ನಾಲಿಗೆ ಕಚ್ಚಿಕೊಂಡರು.

ಸಿಟಿ ಬಸ್ಸಿನಲ್ಲಿ ಭಾವನ ಬಲಗಾಲು ಪ್ರತಿ ಸಿಗ್ನಲ್ಲಿಗೂ ನೆಲವನ್ನು ಒತ್ತುತ್ತಿತ್ತು. "ಅಪ್ಪ, ನೀನು ಓಡಿಸ್ತಾ ಇಲ್ಲ," ಎಂದಳು ಪುಟ್ಟಿ. ಆ ಬಸ್ಸಿಗೆ ಕಂಡಕ್ಟರೇ ಇರಲಿಲ್ಲ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿತ್ತು. "ಇಲ್ಲಿ ಶಿಳ್ಳೇನೇ ಬೇಡ ನೋಡು," ಎಂದರು ಭಾವ. ಬೆಳಿಗ್ಗೆಯಿಂದ ಅವರಾಡಿದ ಮೊದಲ ಮಾತು ಅದು.

ಮ್ಯೂಸಿಯಮ್ಮಿನಲ್ಲಿ ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ನಾವೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ಭಾವ ಕಾವಲುಗಾರನ ಪಕ್ಕದ ಸ್ಟೂಲಿನ ಮೇಲೆ ಕೂತು ಅವನ ಮಂಡಿನೋವು ವಿಚಾರಿಸುತ್ತಿದ್ದರು. ಎತ್ತರದ ಗೋಪುರದ ತುದಿಯಿಂದ ಪುಟ್ಟಿಗೆ ನದಿ ಕಂಡಿತು, ನರ್ಸಮ್ಮನಿಗೆ ಆಸ್ಪತ್ರೆ ಕಂಡಿತು. ಭಾವನಿಗೆ ಕೆಳಗಿನ ಬಸ್ ಸ್ಟಾಪು. "ಗಾಡಿ ನೋಡು, ಎಷ್ಟು ದೂರಕ್ಕೆ ನಿಲ್ಸಿದಾನೆ. ವಯಸ್ಸಾದೋರು ಹೆಂಗೆ ಹತ್ಬೇಕು?" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಮುಖ ತಿರುಗಿಸಿದರು. ಇಷ್ಟು ದೂರ ಬಂದು ಇದೇ ಆಯಿತಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತ್ತು. ಅಕ್ಕನ ಮುಖ ನೋಡಿ ನುಂಗಿಕೊಂಡೆ.

ಸಂಜೆಗೆ ಕೆರೆ. ನಮ್ಮ ಕಾಲುಗಳು ಬಿದ್ದು ಹೋಗಿದ್ದವು. "ಊರಿಗೆ ಬಂದೋರು ನೀರಿಗೆ ಬರದೆ ಇರ್ತಾರಾ? ನಡೀರಿ," ಎಂದು ಶಿಳ್ಳೆ ಮಾಮ ಎಳೆದೊಯ್ದರು. ಅಲ್ಲಿ ಹಂಸದ ಆಕಾರದ ತುಳಿಯುವ ದೋಣಿಗಳಿದ್ದವು. ನಾಲ್ಕೇ ಸೀಟು. ನಿದ್ದೆ ತೂಗುತ್ತಿದ್ದ ನರ್ಸಮ್ಮ ಬೆಂಚಿನ ಮೇಲೆ ಕೂತರು, ಶಿಳ್ಳೆ ಮಾಮ ದಡದ ಹಲಗೆಯ ಮೇಲೆ ನಿಂತರು. ಅಕ್ಕ, ನಾನು ಹಿಂದೆ. ಪುಟ್ಟಿ ಹಾರಿ ಮುಂದಿನ ಎಡಗಡೆ ಸೀಟು ಹಿಡಿದಳು. ಭಾವನಿಗೆ ಉಳಿದದ್ದು ಬಲಗಡೆಯದು. ಅದರ ಎದುರಿಗೆ ಪುಟ್ಟದೊಂದು ಸ್ಟೀರಿಂಗು.

ಅಕ್ಕ ಮುಂದಕ್ಕೆ ಬಾಗಿದಳು. "ರೀ, ಬೇಡಾಂದ್ರೆ ಇಳೀರಿ," ಎಂದಳು ಮೆಲ್ಲಗೆ.

ಭಾವ ಇಳಿಯಲಿಲ್ಲ. ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತರು. ದೋಣಿಯವನು ಹಗ್ಗ ಬಿಚ್ಚಿದ, "ಹೊರಡಿ ಸಾರ್" ಎಂದ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಮಕ್ಕಳಾಟದ ದೋಣಿಯಲ್ಲಿ ಇಂಥ ಮನುಷ್ಯ ನಡುಗುವುದನ್ನು ನೋಡಲು ನನ್ನಿಂದಾಗಲಿಲ್ಲ.

ಶಿಳ್ಳೆ ಮಾಮನಿಗೂ ಆಗಲಿಲ್ಲವೆಂದು ಕಾಣುತ್ತದೆ. ಅಕ್ಕನಿಗೆ ಕೊಟ್ಟ ಮಾತು ಮರೆತು ಎರಡು ಬೆರಳು ಬಾಯಿಗಿಟ್ಟರು. ಕೆರೆಯ ಹಕ್ಕಿಗಳೆಲ್ಲ ಹಾರುವಂತೆ ಎರಡು ಶಿಳ್ಳೆ. ಹಂಸದ ಬಾಲಕ್ಕೆ ಎರಡು ಬಡಿತ. "ರೈಟ್!"

ಭಾವನ ಕೈಗಳು ಅವರನ್ನು ಕೇಳದೆಯೇ ಸ್ಟೀರಿಂಗಿಗೆ ಹೋದವು. ಪುಟ್ಟಿ ತುಳಿಯಲು ಕಾಲೆತ್ತಿದಳು.

"ತಡಿ, ತುಳೀಬೇಡ," ಎಂದರು ಭಾವ. ಇಡೀ ಮೈಯನ್ನು ಹಿಂದಕ್ಕೆ ತಿರುಗಿಸಿದರು. ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ಹಲಗೆಯನ್ನು ನೋಡಿದರು. "ಶಾಲು," ಎಂದರು.

ನನ್ನ ಕುತ್ತಿಗೆಗೆ ಸುತ್ತಿದ್ದ ಶಾಲಿನ ಕುಚ್ಚು ಹಲಗೆಯ ಬೋಲ್ಟಿಗೆ ಸಿಕ್ಕಿಕೊಂಡಿತ್ತು. ಊರವರ ಬಟ್ಟೆಯ ಅಂಚನ್ನೆಲ್ಲ ಅಳೆಯುವ ನನಗೆ ನಾನೇ ಹೊಲಿದ ಶಾಲಿನ ತುದಿ ಕಂಡಿರಲಿಲ್ಲ. ದೋಣಿ ಹೊರಟಿದ್ದರೆ ನಾನು ನೀರಿಗೆ ಬೀಳುತ್ತಿದ್ದೆನೋ, ಉಸಿರುಗಟ್ಟುತ್ತಿದ್ದೆನೋ, ದೇವರಿಗೇ ಗೊತ್ತು. ಭಾವ ಬಾಗಿ ಕುಚ್ಚು ಬಿಡಿಸಿ ನನ್ನ ಮಡಿಲಿಗೆ ಹಾಕಿದರು. ಆಗ ಅವರ ಕೈ ನಡುಗುತ್ತಿರಲಿಲ್ಲ.

ಶಿಳ್ಳೆ ಮಾಮ ಹಣೆ ಚಚ್ಚಿಕೊಂಡರು. "ಅಯ್ಯೋ ಅಣ್ಣ! ಇಲ್ಲೇ ನಿಂತಿದ್ದೀನಿ, ನಂಗೇ ಕಾಣ್ಲಿಲ್ವಲ್ಲ! ನಾನೇ ರೈಟ್ ಅಂದುಬಿಟ್ನಲ್ಲ!"

ಭಾವ ಅವರನ್ನೇ ನೋಡುತ್ತಾ ಕೂತರು. "ನಿಂಗೂ ಕಾಣ್ಲಿಲ್ಲ," ಎಂದರು ನಿಧಾನವಾಗಿ. "ನಿನ್ನಂಥೋನಿಗೇ ತಪ್ಪುತ್ತೆ ಅಂದ್ಮೇಲೆ, ಪಾಪ ಆ ಹುಡುಗನ ಮೇಲೆ ಇಷ್ಟು ದಿನ ಹಲ್ಲು ಕಡೀತಾ ಕೂತಿದ್ನಲ್ಲಯ್ಯ. ನೀವು ಶಿಳ್ಳೆ ಹೊಡೀರಿ. ನಾನೂ ಒಂದ್ಸಲ ತಿರುಗಿ ನೋಡ್ತೀನಿ. ಅಷ್ಟೇ ತಾನೆ?"

"ಅಷ್ಟೇ ಅಣ್ಣ."

ಭಾವ ನಕ್ಕರು. ಆಮೇಲೆ ತಾವೇ "ರೈಟ್" ಎಂದರು.

ಅಪ್ಪ ಮಗಳು ತುಳಿದದ್ದು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿತ್ತು, ಆದರೂ ದೋಣಿ ಹೋಯಿತು. ಅಡ್ಡ ಬಂದ ಹಂಸಗಳಿಗೆಲ್ಲ ಭಾವ ಬಾಯಲ್ಲೇ ಹಾರ್ನ್ ಮಾಡಿದರು. ಅಕ್ಕ ನಗುತ್ತಾ ಅಳುತ್ತಾ ನನ್ನ ಶಾಲಿನಲ್ಲೇ ಮೂಗೊರೆಸಿಕೊಂಡಳು, ನಾನು ಬೈಯಲಿಲ್ಲ. ಮರಳಿ ಬಂದಾಗ ಭಾವ ದೋಣಿಯನ್ನು ಹಲಗೆಗೆ ಬೆರಳಿನಷ್ಟೂ ಸಂದಿಲ್ಲದಂತೆ ತಂದು ನಿಲ್ಲಿಸಿದರು.

"ಇಲ್ಲೇ ಕೆಲ್ಸಕ್ಕೆ ಬರ್ತೀರಾ ಸಾರ್?" ಎಂದ ದೋಣಿಯವನು.

"ಕೆಲ್ಸ ಇದೆಯಪ್ಪ," ಎಂದರು ಭಾವ. "ಸೋಮವಾರದಿಂದ."

ಸೋಮವಾರ ಅಕ್ಕ ಹೊಸ ಸೀರೆಯುಟ್ಟು, ಜೀವನದಲ್ಲಿ ಮೊದಲ ಸಲ ಗಂಡನ ಬಸ್ಸು ಹತ್ತಿದಳು. ನನ್ನ ಹೊಲಿಗೆ ಅಂಗಡಿ ಬಸ್ ಸ್ಟಾಪಿನ ಎದುರಿಗೇ ಇದೆ. ಹುಡುಗ ಕಂಡಕ್ಟರ್ ಬಗ್ಗಿ ಮೆಟ್ಟಿಲು ನೋಡಿ, ಅಳುಕುತ್ತಾ ಎರಡು ಶಿಳ್ಳೆ ಹೊಡೆದ. ಭಾವ ಸೀಟಿನಲ್ಲೇ ಪೂರ್ತಿ ತಿರುಗಿದರು. ಬಾಗಿಲು ನೋಡಿದರು, ಮೆಟ್ಟಿಲು ನೋಡಿದರು. ಹಿಂದಿನ ಸೀಟಿನಲ್ಲಿದ್ದ ಅಕ್ಕನನ್ನು ನೋಡಿದರು. ನೋಟ ಅಲ್ಲಿಗೇ ನಿಂತುಬಿಟ್ಟಿತು. ಇಂಜಿನ್ ಗುರುಗುಟ್ಟುತ್ತಿತ್ತು, ಬಸ್ಸಿನ ತುಂಬ ಜನ ಕಾಯುತ್ತಿದ್ದರು.

ಅಕ್ಕ ಕೆಂಪಾಗಿ ಸೆರಗು ಸರಿಪಡಿಸಿಕೊಂಡಳು. ಆಮೇಲೆ ಅಡುಗೆಮನೆಯಿಂದ ಹೇಳುವ ದನಿಯಲ್ಲೇ ಹೇಳಿದಳು, "ರೈಟ್."