ಹನ್ನೊಂದು ಫೋಟೋಗಳ ಕೆಳಗೆ

"ನಮ್ಮ ಅಧ್ಯಕ್ಷರ ಫೋಟೋ ಸೆಕ್ರೆಟರಿ ಕಾಲ ಬುಡಕ ಹೆಂಗ ಹೋತು ಮೇಡಮ್ಮರ?"

ನಮಸ್ಕಾರವಿಲ್ಲ, ಚಹಾ ಆಯಿತೇ ಎಂಬ ಮಾತಿಲ್ಲ. ಕಳೆದ ಶುಕ್ರವಾರ ಬೆಳಿಗ್ಗೆ ಫೋನೆತ್ತಿದರೆ ನೇರ ಇದೇ ಪ್ರಶ್ನೆ. ಕೇಳಿದವರು ಕೊಟ್ಟೂರಿನ ಒಂದು ವಿದ್ಯಾಸಂಸ್ಥೆಯ ಮ್ಯಾನೇಜರ್ ಬಸವರಾಜಪ್ಪ. (ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬರೆದರೆ ಇನ್ನೂ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು ಅಂದಾರು.) ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ.

ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವುದು ಬಿಟ್ಟರೆ ನನ್ನ ಹೊಟ್ಟೆಪಾಡು ವೆಬ್ ಡಿಸೈನ್ ಎಂಬುದು ನಿಮಗೆ ಗೊತ್ತಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಕೂತು ಅದೇನು ಕೆಲಸ ಎಂದು ಕೇಳುವವರು ಇನ್ನೂ ಇದ್ದಾರೆ. ನಮ್ಮ ಓಣಿಯವರಂತೂ ಕಂಪ್ಯೂಟರ್ ರಿಪೇರಿಯವಳು ಎಂದೇ ತಿಳಿದಿದ್ದಾರೆ. ಮಿಕ್ಸರ್ ತಂದುಕೊಟ್ಟು ಹೋದವರೂ ಉಂಟು.

ವೆಬ್ ಪುಟದಲ್ಲಿ ಯಾವುದು ಎಲ್ಲಿ ಕೂರಬೇಕು ಎಂದು ಹೇಳುವ ಭಾಷೆಗೆ ಸಿಎಸ್‌ಎಸ್ ಎನ್ನುತ್ತಾರೆ. ಇದನ್ನು ಎಡಕ್ಕೆ ಸರಿಸು, ಅದನ್ನು ಬಲಕ್ಕೆ, ನಡುವೆ ಇದನ್ನಿಡು. ಬಸ್ಸಿನ ಮೂವರ ಸೀಟಿದ್ದ ಹಾಗೆ. ತೆಳ್ಳಗಿರುವ ಮೂವರಾದರೆ ಆರಾಮ. ಒಬ್ಬರ ಮೈ ದೊಡ್ಡದಾದರೆ? ಯಾರಾದರೂ ಏಳಲೇಬೇಕು. ಸಿಎಸ್‌ಎಸ್‌ನಲ್ಲಿ ಏಳುವುದಿಲ್ಲ, ಜಾಗ ಸಾಲದವರು ಕೆಳಗಿನ ಸಾಲಿಗೆ ಇಳಿಯುತ್ತಾರೆ. ಅವರು ಅಧ್ಯಕ್ಷರೋ ಅಟೆಂಡರೋ, ಅದಕ್ಕೆ ಗೊತ್ತಿಲ್ಲ.

ಆದರೆ ನಮ್ಮ ಕಡೆಯ ದೊಡ್ಡವರಿಗೆ ವೆಬ್ ಪುಟ ಎಂದರೆ ಸ್ಟೇಜು. ಬಸವರಾಜಪ್ಪ ಮೊದಲ ದಿನವೇ ಹೇಳಿದ್ದರು: "ಸ್ಟೇಜ್ ಮ್ಯಾಲ ಹೆಂಗ ಕುಂದರ್ತಾರೋ ಹಂಗ ಇರಬೇಕ್ರಿ. ಅಧ್ಯಕ್ಷರು ನಡುವ. ಬಲಕ್ಕ ಉಪಾಧ್ಯಕ್ಷರು, ಎಡಕ್ಕ ಸೆಕ್ರೆಟರಿ. ಉಳಿದ ಎಂಟು ಮಂದಿ ಕೆಳಗ."

ಹಾಗೇ ಕೂರಿಸಿದೆ. ಮರುದಿನ ಫೋನ್. ಅಧ್ಯಕ್ಷರ ಫೋಟೋ ಸ್ವಲ್ಪ ದೊಡ್ಡದಾಗಬೇಕಂತೆ. ಮಾಡಿದೆ. ಇನ್ನೂ ಸ್ವಲ್ಪ. ಅದನ್ನೂ ಮಾಡಿದೆ. ನನ್ನ ಮಾನಿಟರಿನ ಪರದೆಯಲ್ಲಿ ಜಾಗ ಹೆಚ್ಚು, ಮೂವರೂ ಒಂದೇ ಸಾಲಿನಲ್ಲಿ ಹಿಡಿಸಿದರು. ಅವರ ಆಫೀಸಿನ ಹಳೇ ಮಾನಿಟರಿನಲ್ಲಿ ಎಡದವರು ಎಡ ಹಿಡಿದರು, ಬಲದವರು ಬಲ ಹಿಡಿದರು. ನಡುವಿನ ಸಂದಿಯಲ್ಲಿ ಹಿಡಿಸದ ಅಧ್ಯಕ್ಷರು ಸೀದಾ ಸೆಕ್ರೆಟರಿಯ ಕೆಳಗೆ ಬಂದು ಕೂತರು. ದೊಡ್ಡದು ಬೇಕೆಂದು ಹಟ ಹಿಡಿದದ್ದಕ್ಕೇ ಕೆಳಗಿಳಿದದ್ದು! ಚಿಕ್ಕ ಪರದೆಯಲ್ಲಿ ತೆರೆದು ನೋಡದೆ ಹಾಕಿದ್ದು ನನ್ನ ತಪ್ಪು. ಒಪ್ಪಿಕೊಂಡೆ.

"ತಪ್ಪು ಒಪ್ಪಿದ್ರ ಆಗೂದಿಲ್ರಿ. ಈಗಿಂದೀಗ ಬರ್ರಿ. ಅಧ್ಯಕ್ಷರು ಬೆಂಕಿ ಆಗ್ಯಾರ" ಎಂದರು. ಬಸ್ ಹತ್ತಿದೆ.

ಈಗ ಒಂದು ಮಾತು ಹೇಳಲೇಬೇಕು. ಅಸಲಿಗೆ ಈ ವೆಬ್‌ಸೈಟ್ ಯಾಕೆ ಹುಟ್ಟಿತು? ಫೋಟೋಗಳಿಗಲ್ಲ. ಸಂಸ್ಥೆಯದೊಂದು ಹುಡುಗಿಯರ ಹಾಸ್ಟೆಲ್ ಇದೆ. ಸುತ್ತಲ ಹಳ್ಳಿಗಳಿಂದ ಕಾಲೇಜಿಗೆ ಬರುವವರಿಗೆ ಅದೇ ಆಸರೆ. ಸೀಟು ಸಿಕ್ಕವರಿಗೆ ಪ್ರತಿ ವರ್ಷ ಮನೆಗೆ ಕಾರ್ಡು ಬರೆಯುತ್ತಿದ್ದರು. ಈ ವರ್ಷ ಸಂಸ್ಥೆ ಹೈಟೆಕ್ ಆಯಿತು. ಕಾರ್ಡು ನಿಂತಿತು. ಸೋಮವಾರ ಪಟ್ಟಿ ವೆಬ್‌ಸೈಟಿಗೆ, ಗುರುವಾರ ಸಂಜೆಯೊಳಗೆ ಬಂದು ಸೇರಬೇಕು, ಬರದವರ ಸೀಟು ಮುಂದಿನವರಿಗೆ.

ನಾನು ಪಟ್ಟಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆ. ಬಸವರಾಜಪ್ಪ ಹೌಹಾರಿದರು. "ಅಧ್ಯಕ್ಷರ ನೆತ್ತಿ ಮ್ಯಾಲ ಹುಡುಗ್ಯಾರ ಲಿಸ್ಟ್ ಏನ್ರಿ? ಕೆಳಗ ಹಾಕ್ರಿ."

"ಯಾರ ಕೆಳಗ್ರಿ?"

"ಎಲ್ಲಾರ ಕೆಳಗ."

ಎರಡು ಮಾತು ವಾದ ಮಾಡಿದೆ. ಮೂರನೆಯ ಮಾತು ಆಡದೆ ಕೆಳಗೆ ಹಾಕಿದೆ. ಹನ್ನೊಂದು ಫೋಟೋ, ಪ್ರತಿ ಫೋಟೋದ ಕೆಳಗೆ ಒಂದೊಂದು ಸಂದೇಶ, ಎಲ್ಲ ಮುಗಿದ ಮೇಲೆ ಪಟ್ಟಿ. ಕನ್ನಡ ಫಾಂಟು ಎಲ್ಲರ ಕಂಪ್ಯೂಟರಿನಲ್ಲೂ ಇರುವುದಿಲ್ಲವಾದ್ದರಿಂದ ಅಕ್ಷರಗಳನ್ನೂ ಚಿತ್ರ ಮಾಡಿ ಹಾಕಬೇಕು. ನಮ್ಮ ಕಡೆಯ ಫೋನ್ ಲೈನಿನ ಇಂಟರ್ನೆಟ್ಟಿನಲ್ಲಿ ಒಂದು ಚಿತ್ರ ಮೂಡುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೆಂದಿರುತ್ತದೆ. ಇನ್ನು ಆ ಸಂದೇಶಗಳಲ್ಲಿ ಏನಿತ್ತು ಎನ್ನುತ್ತೀರಿ? ಹೆಣ್ಣುಮಕ್ಕಳ ಓದೇ ನಮ್ಮ ಉಸಿರು ಎಂದು ಹನ್ನೊಂದು ಜನವೂ ಹನ್ನೊಂದು ಥರ ಬರೆದಿದ್ದರು.

ಆಫೀಸಿನಲ್ಲಿ ಕೂತು ಅಧ್ಯಕ್ಷರ ಫೋಟೋ ಸಣ್ಣದು ಮಾಡಿದೆ. ಹತ್ತು ನಿಮಿಷದ ಕೆಲಸ. ಅವರು ಮೇಲೆ ಬಂದು ನಡುವೆ ಕೂತರು. ಅಷ್ಟರಲ್ಲಿ ಬಾಗಿಲಲ್ಲಿ ತಾಯಿ ಮಗಳು ಬಂದು ನಿಂತರು.

"ಸಾಹೇಬ್ರ, ಇಟ್ಟಿಗಿ ಊರಿಂದ ಬಂದೀವ್ರಿ. ಮಗಳ ಹೆಸರು ನಾಗವೇಣಿ. ಹಾಸ್ಟೆಲ್ ಲಿಸ್ಟ್ ಯಾವಾಗ ಬಿಡ್ತೀರಿ? ಆಕಿ ಗೆಳತಿ ಆಗಲೇ ಬಂದು ಸೇರ್ಯಾಳಂತ."

ಬಸವರಾಜಪ್ಪ ರಿಜಿಸ್ಟರ್ ತೆಗೆದರು. ಬೆರಳು ಏಳನೆಯ ಸಾಲಿಗೆ ನಿಂತಿತು. "ನಾಗವೇಣಿ. ಸೀಟ್ ಬಂದಿತ್ತಲ್ಲವ್ವಾ! ಸೋಮವಾರನ ವೆಬ್‌ಸೈಟಿನ್ಯಾಗ ಹಾಕೀವಿ. ನಿನ್ನಿಗೆ ಟೈಮ್ ಮುಗೀತು. ಸೀಟ್ ಮುಂದಿನಾಕಿಗೆ ಹೋತು."

ತಾಯಿ ಮಗಳ ಕಡೆ ತಿರುಗಿದಳು. "ನೀ ನೋಡಿ ಬಂದಿಯಲ್ಲ?"

"ನೋಡೀನ್ಯವ್ವಾ" ಎಂದಳು ಹುಡುಗಿ. "ಎರಡು ದಿನ ಹಡಗಲಿಗೆ ಹೋಗಿ ಸೈಬರ್‌ನ್ಯಾಗ ನೋಡೀನಿ. ಬರೀ ದೊಡ್ಡೋರ ಫೋಟೋನ ಇದ್ವು. ಆರು ಫೋಟೋ ಬರೂದ್ರಾಗ ಲೈನ್ ಕಟ್ಟಾತು. ಲಿಸ್ಟ್ ಇನ್ನಾ ಬಿಟ್ಟಿಲ್ಲ ಕಾಣ್ತೈತಿ ಅಂದ್ರು ಸೈಬರ್‌ನವರು."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಮೈ ಉರಿಯಿತು. ಪುಟವನ್ನು ಪ್ರಿಂಟಿಗೆ ಕೊಟ್ಟೆ. ಮೊದಲ ಹಾಳೆ ಫೋಟೋ. ಎರಡನೆಯದು ಫೋಟೋ. ಮೂರು, ನಾಲ್ಕು, ಫೋಟೋ. ಐದನೆಯ ಹಾಳೆಯಲ್ಲಿ ಪಟ್ಟಿ ಬಂತು. ಐದನ್ನೂ ಬಸವರಾಜಪ್ಪನವರ ಮೇಜಿನ ಮೇಲೆ ಹರಡಿದೆ. ಹಾಸ್ಟೆಲಿನಲ್ಲಿ ಇನ್ನೊಂದು ಮಂಚ ಹಾಕಿದರೆ ಯಾರ ಗಂಟೇನು ಹೋಗುತ್ತದೆ ಎಂದು ಕೇಳಿದೆ.

"ರೂಲ್ ಅಂದ್ರ ರೂಲ್ ಮೇಡಮ್ಮರ."

ಆ ಹೊತ್ತಿಗೆ ಸರಿಯಾಗಿ ಅಧ್ಯಕ್ಷರೇ ಬಂದರು. ಮೇಜಿನ ಮೇಲಿನ ಮೊದಲ ಹಾಳೆ ಎತ್ತಿ ನೋಡಿದರು. "ಹಾಂ, ಈಗ ಬರೊಬ್ಬರಿ ಆತು ನೋಡು" ಎಂದು ನಕ್ಕರು. ಉಳಿದ ನಾಲ್ಕನ್ನು ಮುಟ್ಟಲಿಲ್ಲ.

"ಸರ್, ನಿಮ್ಮ ಫೋಟೋ ಒಂದು ಗೇಣು ಇಳಿದಿದ್ದಕ್ಕ ನನ್ನ ಬಸ್ ಹತ್ತಿಸಿ ಕರೆಸಿದ್ರಿ" ಎಂದೆ. "ಈ ಹುಡುಗಿ ಹೆಸರು ಐದನೇ ಹಾಳಿಗೆ ಇಳಿದೈತಿ. ಅದು ತಪ್ಪಲ್ಲೇನ್ರಿ?"

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಬುದ್ಧಿ ಹೇಳಿದರು. "ತಂಗಿ, ಓದೋ ಮಕ್ಕಳಿಗೆ ಹುಡುಕೋ ಹಟ ಇರಬೇಕವ್ವಾ. ಕೆಳಗ ಸರಿಸಿ ನೋಡಾಕ ಏನಾಗಿತ್ತು?"

ಹೌದು ಸ್ವಾಮಿ, ಏನಾಗಿತ್ತು? ಎರಡು ದಿನ ಬಸ್ಸು ಹತ್ತಿ ಹಡಗಲಿಗೆ ಹೋದವಳಿಗೆ ಹಟ ಇಲ್ಲ. ತನ್ನ ಮುಖ ಸೆಕ್ರೆಟರಿಗಿಂತ ಕೆಳಗೆ ಕಂಡದ್ದಕ್ಕೆ ಬೆಂಕಿಯಾದವರಿಗೆ ಮಾತ್ರ ಹಟ! ಕೆಳಗೆ ಸರಿಸಿ ನೋಡುವ ವ್ಯವಧಾನ ಮೊದಲು ಅವರಿಗೆ ಇರಬೇಕಿತ್ತಲ್ಲವೇ?

ಇದು ಆ ಒಂದು ಸಂಸ್ಥೆಯ ಜಾಯಮಾನ ಅಂತಲೂ ಅಲ್ಲ. ಕೂಡ್ಲಿಗಿ ದಾರಿಯಲ್ಲಿ ಒಂದು ಬಸ್ ತಂಗುದಾಣ ನೋಡಿದ್ದೇನೆ. ಉದ್ಘಾಟಿಸಿದವರು, ಉಪಸ್ಥಿತರಿದ್ದವರು, ಬರಲಾಗದೆ ಹಾರೈಸಿದವರು, ಎಲ್ಲರ ಹೆಸರೂ ಕಲ್ಲಿನಲ್ಲಿ ಕೆತ್ತಿದೆ. ಬಸ್ಸು ಎಷ್ಟು ಗಂಟೆಗೆ ಎಂದು ಮಾತ್ರ ಎಲ್ಲೂ ಇಲ್ಲ. ಕಣ್ಣಿನ ಶಿಬಿರದ ಕರಪತ್ರವೊಂದು ಮೊನ್ನೆ ಕೈಗೆ ಬಂತು. ಶಿಬಿರ ಯಾವತ್ತು ಎಂಬುದನ್ನು ಕೊನೆಯ ಸಾಲಿನಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಹಾಕಿದ್ದಾರೆ. ಅದನ್ನು ಓದುವಷ್ಟು ಕಣ್ಣಿದ್ದವರು ಶಿಬಿರಕ್ಕೆ ಯಾಕೆ ಹೋಗುತ್ತಾರೆ? ಬೇಕಾದವರಿಗೆ ಬೇಕಾದದ್ದು ಸಿಗಲಿ ಎಂದು ನಾವು ಏನನ್ನಾದರೂ ಬರೆದದ್ದುಂಟೇ?

ನಾನು ಆಫೀಸಿನಿಂದ ಹೊರಗೆ ಬಂದಾಗ ಕಟ್ಟೆಯ ಮೇಲೆ ತಾಯಿ ಮಗಳು ಕೂತಿದ್ದರು. ದಿನಾ ಬಸ್ಸಿಗೆ ಓಡಾಡಿ ಓದಲು ಆಗುವುದಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತು.

"ಎರಡೆರಡು ಬಸ್ ಬದಲಿ ಮಾಡಿ ಹೆಂಗ ಬರ್ತಾಳ್ರಿ ಯಕ್ಕಾ?" ಎಂದಳು ತಾಯಿ. "ಅವರಪ್ಪ ಮೊದ್ಲ ಕಾಲೇಜ್ ಬ್ಯಾಡ ಅಂತಿದ್ದ. ಹಾಸ್ಟೆಲ್ ಸಿಕ್ರ ಓದ್ಲಿ, ಇಲ್ಲಾಂದ್ರ ಮನ್ಯಾಗ ಇರ್ಲಿ ಅಂದಿದ್ದ. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ?"

ನಾಗವೇಣಿ ಒರಿಜಿನಲ್ ಮಾರ್ಕ್ಸ್ ಕಾರ್ಡಿನ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಆ ಪಟ್ಟಿಯನ್ನು ಕೆಳಗೆ ಹಾಕಿದ ಕೈ ನನ್ನದೇ ಎಂದು ಹೇಳುವ ಧೈರ್ಯ ನನಗೂ ಬರಲಿಲ್ಲ. ಬಸವರಾಜಪ್ಪನನ್ನು, ಅಧ್ಯಕ್ಷರನ್ನು ಎಷ್ಟು ಬೈದರೂ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಮೂರನೆಯ ಮಾತು ಅವತ್ತೇ ಆಡಬೇಕಿತ್ತು.

ಸೋಮವಾರ ಬಸವರಾಜಪ್ಪ ಮತ್ತೆ ಫೋನ್ ಮಾಡಿದ್ದರು. ಅಧ್ಯಕ್ಷರು ಬಹಳ ಖುಷಿಯಾಗಿದ್ದಾರಂತೆ, ಪುಟದ ಕೊನೆಯಲ್ಲಿ ನನ್ನ ಹೆಸರನ್ನೂ ಹಾಕಿಕೊಳ್ಳಬಹುದಂತೆ. ಬೇಡ ಎಂದೆ. ಪಟ್ಟಿ ಮೇಲೆ ಹೋಗುವ ತನಕ ಆ ಪುಟವನ್ನು ಮುಟ್ಟುವುದಿಲ್ಲ ಎಂದೂ ಹೇಳಿದೆ. ಹಾಗಾದರೆ ಬೇರೆಯವರನ್ನು ನೋಡುತ್ತೇವೆ ಎಂದು ಫೋನ್ ಇಟ್ಟರು.

ನಾಗವೇಣಿಯ ಹೆಸರು ಇವತ್ತಿಗೂ ಆ ಪುಟದಲ್ಲಿದೆ, ಸೀಟು ಸಿಕ್ಕವರ ಪಟ್ಟಿಯಲ್ಲಿ, ಏಳನೆಯದಾಗಿ. ಹನ್ನೊಂದು ಮುಖ ದಾಟಿ ಅಲ್ಲಿಯವರೆಗೆ ಇಳಿದು ನೋಡುವಷ್ಟು ಪುರುಸೊತ್ತು ನಿಮಗಾದರೂ ಇದೆಯೇ?