ಅಟ್ಟದ ಮೇಲಿದ್ದ ಕಡೆಗೋಲು

ದೆವ್ವ, ಗಾಳಿ, ಸೋಕು ಎಂದರೆ ನನಗೆ ಮೊದಲಿನಿಂದಲೂ ನಗು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ನಾನು ಹುಟ್ಟಿದ ಮನೆಯೇ ಹಾಗಿತ್ತು. ನಮ್ಮಲ್ಲಿ ಸತ್ತವರು ಲಿಂಗೈಕ್ಯರಾಗುತ್ತಾರೆ. ಶಿವನಲ್ಲಿ ಸೇರಿಹೋದವರು ತಿರುಗಿ ಬಂದು ಹುಣಸೇಮರದಲ್ಲಿ ಕೂರುವ ಮಾತೇ ಇಲ್ಲ ಎಂದು ತಾತ ಹೇಳುತ್ತಿದ್ದರು. ಓರಗೆಯ ಹುಡುಗಿಯರು ಸಂಜೆ ಹೊತ್ತು ಹೊಳೆದಂಡೆಯಲ್ಲಿ ಏನನ್ನೋ ಕಂಡೆವೆಂದು ಏದುಸಿರು ಬಿಡುತ್ತ ಓಡಿ ಬಂದರೆ, ನಾನು ಅವರನ್ನು ವಾರಗಟ್ಟಲೆ ಆಡಿಕೊಳ್ಳುತ್ತಿದ್ದೆ. ಹುಣಸೂರಿನ ಹೈಸ್ಕೂಲು ಮುಗಿಸಿ ಬಂದ ಮೇಲಂತೂ ಕೇಳುವುದೇ ಬೇಡ. ಆದ್ದರಿಂದ ಈಗ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ನಮ್ಮದು ಕಟ್ಟೆಮಳಲವಾಡಿ. ಐವತ್ತರ ದಶಕದ ನಡುವಿನ ಮಾತು, ನಮ್ಮ ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಂದೆಯಾದ ತಾತ, ಮತ್ತು ಕೆಂಚ ಎಂಬ ಕೆಂಪು ಗಂಡು ಬೆಕ್ಕು. ಕೆಂಚ ಅಜ್ಜಿಯದು. ಅಜ್ಜಿ ಆ ವರ್ಷದ ಮುಂಗಾರಿನಲ್ಲಿ ತೀರಿಕೊಂಡಿದ್ದರು.

ತಾತನಿಗೆ ಕಿವಿ ಮಂದ. ಮಂದ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ನಾನು ಹುಟ್ಟುವ ಮೊದಲೇ ಯಾವುದೋ ವಿಷಮ ಜ್ವರ ಬಂದು ಅವರ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಬಲಗಿವಿಗೆ ಬಾಯಿ ಹಚ್ಚಿ ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು, ಪಕ್ಕದಲ್ಲೇ ತಮಟೆ ಬಡಿದರೆ ಏನೋ ನಡೆಯುತ್ತಿದೆ ಎಂದು ತಿರುಗಿ ನೋಡುತ್ತಿದ್ದರು. ಅಜ್ಜಿಯೋ ಮಾತಿನ ಮಲ್ಲಿ. ಗಂಡನ ಕಿವಿಗೆ ಕೂಗಿ ಕೂಗಿ ಸಾಕಾಗಿ ಅವರು ತಮ್ಮ ಮಾತನ್ನೆಲ್ಲ ಬೆಕ್ಕಿನ ಕಡೆಗೆ ತಿರುಗಿಸಿಬಿಟ್ಟಿದ್ದರು. ಸೊಸೆಯ ಮೇಲಿನ ದೂರು, ಮಳೆಯ ಲೆಕ್ಕಾಚಾರ, ಸಾರಿಗೆ ಉಪ್ಪು ಹೆಚ್ಚಾದದ್ದು, ಎಲ್ಲವೂ ಕೆಂಚನಿಗೇ. ಆ ಬೆಕ್ಕು ಕೂಡ ಕಣ್ಣು ಅರೆಮುಚ್ಚಿಕೊಂಡು ಕೇಳುತ್ತಿತ್ತು.

ಅಜ್ಜಿ ದಿನಾ ಬೆಳಗಿನ ಜಾವ ಎದ್ದು ಅಡಿಗೆಮನೆಯ ಮೂಲೆಯ ಕಂಬಕ್ಕೆ ಕಡೆಗೋಲು ಸಿಕ್ಕಿಸಿ ಮಜ್ಜಿಗೆ ಕಡೆಯುತ್ತಿದ್ದರು. ಹಗ್ಗ ಎಳೆದಾಗ ಗರ್ ಎನ್ನುವುದು, ಬಿಟ್ಟಾಗ ಗಡಿಗೆಯೊಳಗೆ ಬುಳಕ್ ಎನ್ನುವುದು, ಅದರ ಜೊತೆಗೆ ಅವರ ಕೈತುಂಬ ಇದ್ದ ಬಳೆಗಳ ಸದ್ದು. ನಾನು ಕಣ್ಣು ಬಿಡುತ್ತಿದ್ದದ್ದೇ ಆ ಸದ್ದಿಗೆ. ಕೆಂಚ ಎಲ್ಲಿದ್ದರೂ ಆ ಹೊತ್ತಿಗೆ ಬಂದು ಕಂಬದ ಬುಡದಲ್ಲಿ ಹಾಜರ್. ಮೊದಲು ಬಂದ ಬೆಣ್ಣೆಯಲ್ಲಿ ಒಂದು ಬೊಟ್ಟು ಕಂಬಕ್ಕೆ ಹಚ್ಚುವುದು ಅಜ್ಜಿಯ ಪದ್ಧತಿ. ಅದನ್ನು ನೆಕ್ಕುವುದು ಕೆಂಚನ ಪದ್ಧತಿ. ಆಮೇಲೆ ಅದಕ್ಕೆಂದೇ ಇಟ್ಟಿದ್ದ ಒಡಕು ಬಟ್ಟಲಿನ ತುಂಬ ನೀರುಮಜ್ಜಿಗೆ.

ಅಜ್ಜಿ ಹೋದ ಮೇಲೆ ಅದು ನಿಂತಿತು. ಮನೆಯ ಹಿರಿಯಳು ಹೋದರೆ ಅವಳು ಹಿಡಿದಿದ್ದ ಕಡೆಗೋಲನ್ನು ವರ್ಷ ತುಂಬುವವರೆಗೆ ಯಾರೂ ಮುಟ್ಟಬಾರದೆಂದು ನಮ್ಮ ಮನೆತನದಲ್ಲಿ ಒಂದು ನಡವಳಿಕೆ. ಅವ್ವ ಅದನ್ನು ತೊಳೆದು ಒಣಗಿಸಿ, ಹಗ್ಗದ ಸಮೇತ ಬಿಳೀ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು. ನಮ್ಮ ಹಾಲು ಪಕ್ಕದ ಮನೆಯ ನಂಜಮ್ಮನಿಗೆ ಹೋಗುತ್ತಿತ್ತು. ಅವರಿಂದ ಊಟಕ್ಕೆ ಬೇಕಾದಷ್ಟು ಮಜ್ಜಿಗೆ ಒಂದು ಚೊಂಬಿನಲ್ಲಿ ಬರುತ್ತಿತ್ತು. ಆ ಚೊಂಬಿನಲ್ಲಿ ಬೆಕ್ಕಿನ ಪಾಲು ಇರಲಿಲ್ಲ, ಅದು ನಮಗ್ಯಾರಿಗೂ ಹೊಳೆಯಲೂ ಇಲ್ಲ. ಕೆಂಚ ತಾತನ ತಟ್ಟೆಯಿಂದ ಮುದ್ದೆ, ಅನ್ನ, ಸುಟ್ಟ ಹಪ್ಪಳ ತಿಂದುಕೊಂಡು ಇತ್ತು. ಬೆಕ್ಕು ನೀರು ಕುಡಿಯುತ್ತದೋ ಇಲ್ಲವೋ ಎಂದು ನೋಡುವವರು ಯಾರು?

ತಾತನೂ ಬೆಕ್ಕೂ ಆಗ ಒಂದಾದದ್ದು. ಅದುವರೆಗೆ ಅವರಿಬ್ಬರಿಗೆ ಅಷ್ಟಕ್ಕಷ್ಟೇ. ಈಗ ತಾತ ಹಗಲೆಲ್ಲ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಬೆನ್ನಿನ ಮೇಲೆ ಕೈಯಿಟ್ಟು ಕೂರುತ್ತಿದ್ದರು. ಒಮ್ಮೆ ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟರು.

"ಗುರುಗುರು ಅಂತದೆ ನೋಡು. ನಂಗೆ ಕಿವೀಲಿ ಕೇಳಾಕಿಲ್ಲ, ಕೈಗೆ ಕೇಳ್ತದೆ ಕಣವ್ವ."

ಆ ಮನೆಯಲ್ಲಿ ತಾತನಿಗೆ ಕೇಳುತ್ತಿದ್ದ ಸದ್ದು ಅದೊಂದೇ. ಅದು ಗೊತ್ತಿದ್ದದ್ದರಿಂದಲೇ, ಸುಗ್ಗಿ ಮುಗಿದು ಚಳಿ ಬಲಿತ ಹೊತ್ತಿಗೆ ಕೆಂಚ ಕಾಯಿಲೆ ಬಿದ್ದಾಗ ನಮಗೆಲ್ಲ ಕೈಕಾಲು ಆಡದಂತಾಯಿತು.

ಮೊದಲು ಕಂಡದ್ದು ಅವ್ವ. ಬೆಕ್ಕು ಹಿತ್ತಲಿನ ಬೂದಿಗುಂಡಿಗೆ ಹೋಗಿ ಕೂರುವುದು, ತಿಣುಕುವುದು, ಏನೂ ಆಗದೆ ಎದ್ದು ಬರುವುದು, ತಿರುಗಿ ಹೋಗುವುದು. ಮಲಬದ್ಧತೆ ಇರಬೇಕೆಂದು ಒಂದು ಚಮಚ ಹರಳೆಣ್ಣೆ ಕುಡಿಸಿದೆವು. ಮರುದಿನ ಅದು ಕೂತಲ್ಲೇ ಕೂಗತೊಡಗಿತು. ಹೊಟ್ಟೆ ಮುಟ್ಟಿದರೆ ಕಲ್ಲು, ಬಾಲದ ಕೆಳಗೆ ಒಂದು ಹನಿ ರಕ್ತ. ಅವ್ವ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದರು, ತಾತನಿಗೆ ಕೇಳುವುದಿಲ್ಲವೆಂದು ಗೊತ್ತಿದ್ದರೂ.

"ಇದಕ್ಕೆ ಉಚ್ಚೆ ಕಟ್ಕಂಡದೆ ಕಣೆ. ಇದೇನಾರ ಓದ್ರೆ ಮಾವನೂ ಉಳಿಯಾಕಿಲ್ಲ."

ಅಪ್ಪ ಎತ್ತು ನೋಡಲು ಪಿರಿಯಾಪಟ್ಟಣಕ್ಕೆ ಹೋಗಿದ್ದರು. ತಾತ ಯಾರನ್ನೂ ಕೇಳದೆ ಗಾಡಿ ಕಟ್ಟಿಸಿದರು. ಕೆಂಚನನ್ನು ಮಂಕರಿಯಲ್ಲಿಟ್ಟು, ತಮ್ಮ ಟವಲು ಮುಚ್ಚಿ, ನನ್ನನ್ನೂ ಹತ್ತಿಸಿಕೊಂಡು ಹುಣಸೂರಿನ ದನದ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಸಿಕ್ಕ ಪರಿಚಯದವರೊಬ್ಬರು ಮಂಕರಿ ನೋಡಿ, "ಏನ್ ಯಜಮಾನ್ರೇ, ಕೋಳಿಯಾ?" ಎಂದರು. ತಾತ ಗಂಭೀರವಾಗಿ "ಹೂಂ ಹೂಂ" ಎಂದು ತಲೆಯಾಡಿಸಿದರು. ವಿಭೂತಿ ಹಚ್ಚಿದ ಹಣೆಯನ್ನೂ ಮಂಕರಿಯನ್ನೂ ಮತ್ತೆ ಮತ್ತೆ ನೋಡುತ್ತ ಆ ಮನುಷ್ಯ ರಸ್ತೆಯಲ್ಲೇ ನಿಂತುಬಿಟ್ಟ. ಅಷ್ಟು ಸಂಕಟದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಡಾಕ್ಟರು ಒಳ್ಳೆಯವರು. "ಇಲ್ಲಿಗೆ ಬೆಕ್ಕು ಯಾರೂ ತಂದಿಲ್ಲ ಯಜಮಾನ್ರೇ, ಆದರೂ ನೋಡೋಣ" ಎಂದು ಟವಲು ಸರಿಸಿದರು. ಹೊಟ್ಟೆ ಒತ್ತಿ ನೋಡಿ, ಮೂತ್ರದ ದಾರಿಗೆ ಮರಳಿನಂಥದ್ದು ಅಡ್ಡ ಬಂದಿದೆ, ಎತ್ತಿಗೆ ಹಾಕುವ ನಳಿಗೆ ಇದಕ್ಕಾಗುವುದಿಲ್ಲ, ಬಿಸಿನೀರಿನ ಶಾಖ ಕೊಟ್ಟು ಈ ಪುಡಿ ಕುಡಿಸಿ ಎಂದರು. ನೀರು ಕುಡಿಯುತ್ತಿತ್ತೇ ಎಂದು ಕೇಳಿದರು. ನಾನು ಮಜ್ಜಿಗೆಯ ಕಥೆ ಹೇಳಿದೆ. "ಅದೇ ಇರಬೇಕು" ಎಂದವರು, ತಾತನ ಕಡೆ ನೋಡದೆ ನನಗೆ ಮಾತ್ರ ಹೇಳಿದರು. "ನಾಳೆ ಬೆಳಗಾಗೋದರೊಳಗೆ ಮೂತ್ರ ಹೋಗದಿದ್ದರೆ ಆಸೆ ಇಟ್ಕೋಬೇಡಮ್ಮ."

ಅದನ್ನು ತಾತನ ಕಿವಿಯಲ್ಲಿ ಕೂಗಿ ಹೇಳಲು ನನಗೆ ಆಗಲಿಲ್ಲ. ಅವರೂ ಕೇಳಲಿಲ್ಲ.

ಮನೆಗೆ ಬಂದು ಬೋಗುಣಿಯಲ್ಲಿ ಬಿಸಿನೀರು ಮಾಡಿ ಕೆಂಚನನ್ನು ಹೊಟ್ಟೆ ಮುಳುಗುವಷ್ಟು ಅದರಲ್ಲಿ ಕೂರಿಸಿದೆವು. ಬಾರ್ಲಿ ನೀರು, ನೆಗ್ಗಿಲುಮುಳ್ಳಿನ ಕಷಾಯ, ಡಾಕ್ಟರ ಪುಡಿ, ಎಲ್ಲವನ್ನೂ ಅವ್ವ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಿದರು. ನನಗೆ ಹಾಲು ಕುಡಿಸಿದ ಒಳಲೆಯೇ ಅದು. ಮೊದಮೊದಲು ಪರಚಿದ ಬೆಕ್ಕು ಕತ್ತಲಾಗುವ ಹೊತ್ತಿಗೆ ಪರಚುವುದನ್ನೂ ಬಿಟ್ಟಿತು. ಕುಡಿಸಿದ್ದು ಕಟವಾಯಿಂದ ಆಚೆ ಬರುತ್ತಿತ್ತು. ನಡುಮನೆಯಲ್ಲಿ ತಾತನ ಕಂಬಳಿಯ ಅಂಚಿನಲ್ಲಿ ಅದನ್ನು ಮಲಗಿಸಿ, ನಾನೂ ಅವ್ವನೂ ಪಕ್ಕದಲ್ಲಿ ಕೂತೆವು. ತಾತ ಅದರ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಮಲಗಿದರು. "ಕೈಗೇನೂ ಕೇಳ್ತಿಲ್ಲ" ಎಂದು ಒಂದು ಸಲ ಅಂದರು.

ಇನ್ನು ಮುಂದಿನದನ್ನು ಕಂಡ ಹಾಗೆ ಹೇಳುತ್ತೇನೆ. ಮೊದಲ ಕೋಳಿ ಕೂಗಿಯಾಗಿತ್ತು. ಅವ್ವ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು, ಒಳಲೆ ಇನ್ನೂ ಕೈಯಲ್ಲೇ ಇತ್ತು. ನಾನು ತೂಕಡಿಸುತ್ತಿರಲಿಲ್ಲ ಎಂದು ಆಣೆ ಇಟ್ಟು ಹೇಳಲಾರೆ. ಆದರೆ ಕೆಂಚನ ಕಿವಿ ಅಡಿಗೆಮನೆಯ ಕಡೆ ತಿರುಗಿದ್ದನ್ನು ನಾನು ನೋಡಿದೆ. ಅದು ತಿರುಗಿದ ಮೇಲೆಯೇ ನನಗೆ ಕೇಳಿದ್ದು. ಗರ್, ಬುಳಕ್. ಗರ್, ಬುಳಕ್. ಅವಸರವಿಲ್ಲದ, ಅಜ್ಜಿ ಕಡೆಯುತ್ತಿದ್ದ ಅದೇ ನಡೆ.

ನಂಜಮ್ಮನ ಮನೆಯದಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡು ಮುಗಿದಿತ್ತೋ ಇಲ್ಲವೋ, ತಾತ ಎದ್ದು ಕೂತರು.

"ಯಾರವ್ವ ಅದು, ಮಜ್ಜಿಗೆ ಕಡೀತಿರೋರು?"

ತಾತ ನನ್ನ ಮುಖ ನೋಡುತ್ತಿರಲಿಲ್ಲ, ಅಡಿಗೆಮನೆಯ ಬಾಗಿಲು ನೋಡುತ್ತಿದ್ದರು. ಅಷ್ಟರಲ್ಲಿ ಕೆಂಚ ಎದ್ದಿತು. ಹಿಂಗಾಲು ಎಳೆದುಕೊಂಡು, ಒಂದು ಸಲ ಬಿದ್ದು, ಮತ್ತೆ ಎದ್ದು, ಹೊಸಲು ದಾಟಿ ಒಳಗೆ ಹೋಯಿತು. ನಾನು ಲಾಟೀನು ಎತ್ತಿಕೊಂಡು ಹಿಂದೆಯೇ ಹೋದೆ. ನಾನು ಹೊಸಲಿನ ಮೇಲೆ ಕಾಲಿಟ್ಟದ್ದೇ ತಡ, ಸದ್ದು ನಿಂತಿತು.

ಒಳಗೆ ಯಾರೂ ಇರಲಿಲ್ಲ. ಹಿತ್ತಲ ಬಾಗಿಲಿಗೆ ಅಗಳಿ ಹಾಕಿದ ಹಾಗೆಯೇ ಇತ್ತು. ಕೆಂಚ ಕಂಬದ ಬುಡದಲ್ಲಿ, ಗಡಿಗೆ ಇಡುತ್ತಿದ್ದ ಜಾಗದಲ್ಲಿ ಕೂತು ಉಚ್ಚೆ ಹೊಯ್ಯುತ್ತಿತ್ತು. ಕೆಂಪಗೆ, ಸಣ್ಣಗೆ ಶುರುವಾಗಿ ಧಾರೆಯಾಗಿ ಹೋಯಿತು. ನೆಲದ ಮೇಲೆ ಲಾಟೀನಿನ ಬೆಳಕಿಗೆ ನುಣ್ಣನೆಯ ಮರಳು ಮಿನುಗುತ್ತಿತ್ತು. ಮುಗಿಸಿ ಎದ್ದ ಬೆಕ್ಕು ಕಂಬದ ಒಣಗಿದ ಬೆಣ್ಣೆ ಕಲೆಯನ್ನು ಮೂಸಿ, ತಲೆಯೆತ್ತಿ ಒಂದು ಸಲ ಕೂಗಿತು. ನೋವಿನ ಕೂಗಲ್ಲ, ಬೆಣ್ಣೆ ಕೇಳುವ ಕೂಗು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಹೆದರಿಕೆಗೆ ಅತ್ತೆನೋ, ಸಂತೋಷಕ್ಕೋ ಗೊತ್ತಿಲ್ಲ.

ಬೆಳಕು ಹರಿದ ಮೇಲೆ ಏಣಿ ಹಾಕಿ ಅಟ್ಟ ಹತ್ತಿದೆ. ಕಡೆಗೋಲು ಬಟ್ಟೆಯೊಳಗೆ ಸುತ್ತಿದ ಹಾಗೆಯೇ ಇತ್ತು, ಅವ್ವ ಹಾಕಿದ್ದ ಗಂಟಿನ ಮೇಲೆ ಜೇಡ ಬಲೆ ಕಟ್ಟಿತ್ತು. ಕೆಳಗೆ ತಾತ ಲಿಂಗಪೂಜೆ ಮುಗಿಸಿ ಎದ್ದು ಬಂದು, ಅವ್ವನಿಗೆ ಹೇಳಿದರು.

"ಆ ಕಡೆಗೋಲು ಇಳಿಸವ್ವ. ಇವತ್ತಿಂದ ಕಡಿ."

"ವರ್ಸ ತುಂಬ್ನಿಲ್ವಲ್ಲ ಮಾವ" ಎಂದು ಅವ್ವ ಅವರ ಕಿವಿಯಲ್ಲಿ ಕೂಗಿದರು.

"ವರ್ಸ ತುಂಬೋವರ್ಗೂ ಬೆಕ್ಕು ಬದುಕಿರ್ಬೇಕಲ್ಲ. ಇಳಿಸು."

ಕೆಂಚ ಒಮ್ಮೆಗೇ ಚೇತರಿಸಿಕೊಳ್ಳಲಿಲ್ಲ. ಕೆಲವು ದಿನ ಕೂತಲ್ಲಿ ನಿಂತಲ್ಲಿ ಒದ್ದೆ ಮಾಡುತ್ತಿತ್ತು, ತಾತನ ಕಂಬಳಿಯನ್ನು ಒಗೆದು ಒಗೆದು ನನ್ನ ಕೈ ಬಿರಿದಿತ್ತು. ನೆಗ್ಗಿಲು ಕಷಾಯ ತಿಂಗಳಾನುಗಟ್ಟಲೆ ನಡೆಯಿತು. ಒಡಕು ಬಟ್ಟಲಿಗೆ ಮತ್ತೆ ದಿನಾ ನೀರುಮಜ್ಜಿಗೆ ಬಿತ್ತು. ಪಿರಿಯಾಪಟ್ಟಣದಿಂದ ಬಂದ ಅಪ್ಪ ಎಲ್ಲ ಕೇಳಿ, "ನಂಜಮ್ಮನ ಮನೆ ಸದ್ದು ಕಣವ್ವ, ಚಳೀಲಿ ಸದ್ದು ದೂರ ಓಗ್ತದೆ, ಬುಡು" ಎಂದರು. ನಂಜಮ್ಮನನ್ನು ಕೇಳಿದೆ. ತಾನು ಆ ಹೊತ್ತಿನಲ್ಲಿ ಬಾವಿಯ ಹತ್ತಿರ ಇದ್ದೆ ಎಂದರು. ಅವರ ಸೊಸೆ ಕಡೆದಿದ್ದರೂ ಕಡೆದಿರಬಹುದು, ನಾನು ವಾದ ಮಾಡುವುದಿಲ್ಲ. ಡಾಕ್ಟರು ಶಾಖಕ್ಕೆ ದಾರಿ ಸಡಿಲವಾಗಿರಬೇಕು ಎಂದರು. ಅದನ್ನೂ ಒಪ್ಪುತ್ತೇನೆ. ನನ್ನ ಕಿವಿ ನಿದ್ದೆಗಣ್ಣಿನಲ್ಲಿ ಮೋಸ ಹೋಗಿರಬಹುದು. ಆದರೆ ತಾತನ ಕಿವಿ? ಅವರಿಗೆ ಮನೆಯ ಸೊಸೆ ಕೂಗಿದ್ದೇ ಕೇಳದಿರುವಾಗ ಪಕ್ಕದ ಮನೆಯ ಮಜ್ಜಿಗೆ ಕೇಳುವುದುಂಟೇ? ಆ ದಿನದ ನಂತರ ಅವರಿಗೆ ಕಡೆಯುವ ಸದ್ದು ಮತ್ತೆ ಕೇಳಲಿಲ್ಲ, ಅವ್ವ ಎದುರಿಗೇ ಕೂತು ಕಡೆದರೂ ಸಹ.

ಅವರನ್ನು ಕೇಳುವ ಧೈರ್ಯ ನನಗೆ ಬಂದದ್ದು ಬಹಳ ತಡವಾಗಿ. ನಾನು ಮದುವೆಯಾಗಿ ಮಿರ್ಲೆಗೆ ಹೋಗಿದ್ದೆ. ತಾತನಿಗೆ ಮೈ ಸರಿಯಿಲ್ಲವೆಂದು ಕೇಳಿ ನೋಡಲು ಬಂದಿದ್ದೆ. ಮುದುಕನಾಗಿದ್ದ ಕೆಂಚ ಅವರ ಹಾಸಿಗೆಯಲ್ಲೇ ಇತ್ತು. ಬಲಗಿವಿಗೆ ಬಾಯಿ ಹಚ್ಚಿ, ಆವತ್ತು ಏನು ಕೇಳಿತು ತಾತ ಎಂದು ಕೂಗಿದೆ. ಅವರು ಯಾವತ್ತು ಎಂದು ಕೇಳಲಿಲ್ಲ.

"ಮೊದ್ಲು ಬಳೆ ಸದ್ದು ಕಣವ್ವ. ಆಮೇಲೆ ಹಗ್ಗದ್ದು."

ನಾನು ಬಳೆಯ ಸದ್ದು ಕೇಳಿರಲಿಲ್ಲ. ಲಿಂಗೈಕ್ಯ ಆದವರು ಬರುವುದಿಲ್ಲ ಎಂದು ನೀನೇ ಹೇಳುತ್ತಿದ್ದೆಯಲ್ಲ ತಾತ ಎಂದೆ.

"ಬರಾಕಿಲ್ಲ. ಈಗ್ಲೂ ಅಂಗೇ ಏಳ್ತೀನಿ." ಬೆಕ್ಕಿನ ಬೆನ್ನಿನ ಮೇಲೆ ಕೈಯಾಡಿಸುತ್ತ ಅಂದರು. "ಬೆಕ್ಕಿಗೆ ಉಚ್ಚೆ ಕಟ್ತು ಅಂತ ಬಂದ್ಲು ನೋಡು. ನಾನು ಜ್ವರ ಬಂದು ಇಷ್ಟು ದಿನ ಆಯ್ತು ಮಲ್ಗಿ, ಒಂದ್ಸಲಾನೂ ಬರ್ನಿಲ್ಲ."

ಹಾಗೆಂದು ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಕಂಬಳಿಯನ್ನು ಅವರ ಹೆಗಲಿನವರೆಗೆ ಎಳೆದು ಹೊದಿಸಿದೆ. ಈಗ ನನಗೂ ತಾತನಷ್ಟೇ ವಯಸ್ಸಾಗಿದೆ, ಕಿವಿಯೂ ಅಷ್ಟಕ್ಕಷ್ಟೇ. ಬೆಳಗಿನ ಜಾವ ಎಚ್ಚರವಾದರೆ ಅಡಿಗೆಮನೆಯ ಕಡೆ ಕಿವಿಗೊಟ್ಟು ಮಲಗಿರುತ್ತೇನೆ.