ಚಿಂದಿ ಅಂಟಿಸಿದ ಡಿಕ್ಷನರಿ

ನಮ್ಮ ಲಾಂಡ್ರಿಯಲ್ಲಿ ಅವಳನ್ನು 'ಡಿಕ್ಷನರಿ' ಎಂದು ಮೊದಲು ಕರೆದವಳು ನಾನೇ. ಪ್ರೀತಿಯಿಂದಲ್ಲ, ಗೇಲಿಯಿಂದ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಹನ್ನೆರಡು ವರ್ಷ ನನ್ನ ಪಕ್ಕದ ಮೇಜಿನ ಬಳಿ ನಿಂತು ಇಸ್ತ್ರಿ ಹಾಕಿದವಳು. ಅಂಥವಳು ನಲವತ್ತನಾಲ್ಕನೇ ವಯಸ್ಸಿನಲ್ಲಿ ಇಂಗ್ಲಿಷ್ ಪದಗಳ ಬೆನ್ನು ಹತ್ತಿದರೆ ಯಾರಿಗೆ ತಾನೇ ನಗು ಬರುವುದಿಲ್ಲ?

ಮುಂದಿನ ಕೌಂಟರಿನ ಜಾಗ ಖಾಲಿಯಾದಾಗ ಇದೆಲ್ಲ ಶುರುವಾಯಿತು. ಅಲ್ಲಿ ಕೂರಲು ಕುರ್ಚಿ, ತಲೆಯ ಮೇಲೆ ಫ್ಯಾನು, ಹಬೆಯ ಕಾಟವಿಲ್ಲ. ಗಿರಾಕಿ ಬಟ್ಟೆ ಕೊಟ್ಟಾಗ ಅದು ಹೇಗಿದೆ ಎಂದು ಇಂಗ್ಲಿಷಿನಲ್ಲಿ ಚೀಟಿ ಬರೆದು, ಅವರ ಸಹಿ ಹಾಕಿಸಿಕೊಳ್ಳಬೇಕು, ಅಷ್ಟೆ. ಹಿಂದಿದ್ದವನು ಬಟ್ಟೆಯತ್ತ ಕಣ್ಣೆತ್ತಿಯೂ ನೋಡದೆ ಎಲ್ಲದಕ್ಕೂ 'ಓಕೆ' ಎಂದು ಗೀಚುತ್ತಿದ್ದ. ದೂರು ಬಂದರೆ ಬೈಗುಳ ಒಳಗಿದ್ದ ನಮ್ಮ ಪಾಲಿಗೆ. ಇವಳು ಸೀದಾ ಹೋಗಿ ಆ ಜಾಗ ತನಗೆ ಬೇಕೆಂದು ಕೇಳಿಯೇ ಬಿಟ್ಟಳು.

"ಮೂರು ತಿಂಗಳು ನೋಡ್ತೀನಮ್ಮ," ಎಂದರು ಮಾಲೀಕರು. "ಒಂದೇ ಒಂದು ದೂರು ಬಂದ್ರೂ ವಾಪಸ್ ಇಸ್ತ್ರಿಗೆ."

ಅವತ್ತೇ ಒಂದು ದಪ್ಪ ನೋಟ್‌ಬುಕ್ ತಂದಳು. ಮಗಳ ಹಳೆಯ ನಿಘಂಟಿನಿಂದ ಪದ ಹುಡುಕಿ ಬರೆಯುವುದು, ಪಕ್ಕದಲ್ಲಿ ಬಟ್ಟೆಯ ಚೂರು ಅಂಟಿಸುವುದು. ಇಸ್ತ್ರಿಪೆಟ್ಟಿಗೆ ತಾಗಿ ಕಂದಿದ ಚೂರಿನ ಪಕ್ಕ 'ಸ್ಕಾರ್ಚ್ಡ್'. ಅಂಚಿನ ನೂಲು ಎದ್ದ ಚೂರಿಗೆ 'ಫ್ರೇಡ್'. ಸವೆದು ಸವೆದು ಒಳಗಿನ ಎಳೆ ಕಾಣುವ ಚೂರಿಗೆ 'ಥ್ರೆಡ್‌ಬೇರ್'. ಹೀಗೆ ಪುಟ ತುಂಬುತ್ತಾ ಹೋಯಿತು.

"ಹರಿದಿದೆ ಅಂತ ಬರೆದ್ರೆ ಸಾಲದೇನೇ?" ಎಂದು ನಾನು ಕೆಣಕಿದೆ.

"ಹರಿದಿದ್ದೇ ಬೇರೆ, ಸವೆದಿದ್ದೇ ಬೇರೆ, ನೂಲು ಬಿಟ್ಟಿದ್ದೇ ಬೇರೆ. ನಮ್ಮ ಮಾತಲ್ಲಿ ಇಷ್ಟೆಲ್ಲ ಇರುವಾಗ ಅವರ ಮಾತಲ್ಲಿ ಇರಲ್ವಾ?"

ಊಟದ ಹೊತ್ತಿನಲ್ಲಿ ಅವಳು ಗಟ್ಟಿಯಾಗಿ ಪಾಠ ಒಪ್ಪಿಸುವಳು, ನಾವು ಹೊಟ್ಟೆ ಹಿಡಿದು ನಗುವೆವು. ಒಂದು ದಿನ ಗಂಡನ ತಲೆಯನ್ನೇ 'ಥ್ರೆಡ್‌ಬೇರ್' ಅಂದಳಂತೆ. ಹೊಗಳಿಕೆ ಇರಬೇಕೆಂದು ಆ ಮಹಾಶಯ ಇದ್ದ ನಾಲ್ಕು ಕೂದಲನ್ನು ಇನ್ನೊಮ್ಮೆ ಬಾಚಿಕೊಂಡನಂತೆ!

ಮೂರು ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿತ್ತು. ವಕೀಲರೊಬ್ಬರು ಬಂದು ತಮ್ಮ ಕಪ್ಪು ಕೋಟನ್ನು ಕೌಂಟರ್ ಮೇಲೆ ದಪ್ಪೆಂದು ಹಾಕಿದರು.

"ಮೊಣಕೈ ಹತ್ರ ನೋಡಿ! ಕೊಟ್ಟಾಗ ಹೊಸದರ ಹಾಗಿತ್ತು. ಇಸ್ತ್ರಿ ಉಜ್ಜಿ ಉಜ್ಜಿ ಹಾಳು ಮಾಡಿದ್ದೀರಿ."

ದನಿ ಕೇಳಿ ನಾನು ಒಳಗಿನ ಬಾಗಿಲಿಗೆ ಬಂದು ನಿಂತೆ. ಆ ಕೋಟಿಗೆ ಇಸ್ತ್ರಿ ಹಾಕಿದವಳು ನಾನೇ. ಓಡಿ ಬಂದ ಮಾಲೀಕರು ಅವಳನ್ನೊಮ್ಮೆ, ಒಳಗಿನ ಬಾಗಿಲನ್ನೊಮ್ಮೆ ನೋಡಿ, "ಹೇಳಿದ್ದೆ ಅಲ್ವೇನಮ್ಮ?" ಎಂದರು. ಅಯ್ಯೋ, ಕುರ್ಚಿ ಹೋಯಿತಲ್ಲ ಇವಳದು ಎಂದು ನನಗೆ ಅಳುವೇ ಬಂತು. ಇಷ್ಟು ದಿನ ನಕ್ಕಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟೂ ಬಂತು.

ಅವಳು ಅಳಲಿಲ್ಲ, ತಪ್ಪಾಯ್ತು ಅನ್ನಲಿಲ್ಲ. ಡ್ರಾಯರ್ ಎಳೆದು ಚೀಟಿ ತೆಗೆದಳು. ಗಟ್ಟಿಯಾಗಿ ಓದಿದಳು. "ಬೋತ್ ಎಲ್ಬೋಸ್ ಥ್ರೆಡ್‌ಬೇರ್. ಲೈನಿಂಗ್ ಫ್ರೇಡ್ ಅಟ್ ಲೆಫ್ಟ್ ಕಫ್. ನೋ ಸ್ಕಾರ್ಚ್ ಮಾರ್ಕ್ಸ್." ಚೀಟಿಯನ್ನು ಅವರತ್ತ ತಿರುಗಿಸಿದಳು. "ಕೆಳಗೆ ನಿಮ್ಮ ಸಹಿ ಇದೆ, ಸರ್."

ವಕೀಲರು ಬಿಡುವ ಪೈಕಿಯವರಲ್ಲ. "ದೊಡ್ಡ ದೊಡ್ಡ ಪದ ಬರೆದುಬಿಟ್ರೆ ಆಯ್ತಾ? ಥ್ರೆಡ್‌ಬೇರ್ ಅಂದ್ರೆ ಏನು ಅಂತ ಗೊತ್ತೇನಮ್ಮ ನಿನಗೆ?"

ಅವಳು ನೋಟ್‌ಬುಕ್ ಬಿಡಿಸಿ, ಆ ಪುಟವನ್ನು ಕೋಟಿನ ಮೊಣಕೈಗೆ ತಾಗಿಸಿ ಇಟ್ಟಳು. "ಎರಡನ್ನೂ ಮುಟ್ಟಿ ನೋಡಿ ಸರ್. ವರ್ಷಗಟ್ಟಲೆ ಮೇಜಿಗೆ ಮೊಣಕೈ ಊರಿದ್ರೆ ಹೀಗಾಗೋದು. ಒಂದು ಇಸ್ತ್ರಿಗೆ ಆಗಲ್ಲ." ಆಮೇಲೆ ಇನ್ನೊಂದು ಪುಟ ತಿರುಗಿಸಿದಳು. "ಇಸ್ತ್ರಿಯಿಂದ ಆಗೋದು ಇದು, ಸ್ಕಾರ್ಚ್ಡ್. ನಿಮ್ಮ ಕೋಟಲ್ಲಿ ಇಂಥದ್ದು ಎಲ್ಲಿದೆ, ತೋರಿಸಿ."

ಅವರು ಚೂರನ್ನು ಮುಟ್ಟಿದರು, ಕೋಟನ್ನು ಮುಟ್ಟಿದರು, ತಮ್ಮ ಸಹಿಯನ್ನು ನೋಡಿದರು. ಆಮೇಲೆ ಕೋಟು ತೊಟ್ಟುಕೊಂಡರು. ಹೋಗುವಾಗ ಮಾಲೀಕರಿಗೆ, "ಇನ್ನೊಂದು ಕೋಟು ನಾಳೆ ತರ್ತೀನಿ. ಚೀಟಿ ಇವರೇ ಬರೀಲಿ" ಎಂದರು. 'ನೀನು' ಹೋಗಿ 'ಇವರು' ಆಗಿತ್ತು! ನನಗಂತೂ ಶಿಳ್ಳೆ ಹೊಡೆಯುವಷ್ಟು ಖುಷಿ. ಉಳಿದ ನಾಲ್ಕು ದಿನವನ್ನು ಮಾಲೀಕರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಕುರ್ಚಿ ನಿಂದೇ ಕಣಮ್ಮ" ಎಂದರು.

ಮರುದಿನ ನಾನೂ ಒಂದು ನೋಟ್‌ಬುಕ್ ಕೊಂಡೆ. ನನ್ನ ಏಪ್ರನ್ನಿನ ಕಂದಿದ ಅಂಚನ್ನು ಕತ್ತರಿಸಿ ಅವಳ ಮುಂದೆ ಹಿಡಿದು, "ಅಕ್ಕಾ, ಇದಕ್ಕೇನಂತಾರೆ?" ಎಂದೆ. ಡಿಕ್ಷನರಿ ಎನ್ನಲು ಬಾಯಿ ಬರಲಿಲ್ಲ.

"ಮೂರು ತಿಂಗಳು ಕೇಳಿ ಕೇಳಿ ನಕ್ಕಿದ್ದೀಯಲ್ಲ, ನೀನೇ ಹೇಳು."

"ಸ್ಕಾರ್ಚ್ಡ್," ಅಂದೆ, ಥಟ್ಟನೆ.

ಅವಳು ಗೋಂದಿನ ಡಬ್ಬಿಯನ್ನು ನನ್ನತ್ತ ತಳ್ಳಿದಳು.